ಊರಿನ ಕೈಗಳನ್ನೆಲ್ಲ ತೂಗುಹಾಕಿದ್ದ ಆಚಾರ್ರು

ಬಡಗಿ ನಂಜುಂಡಾಚಾರ್ರ ಮರಗೆಲಸದ ಕೊಟ್ಟಿಗೆಯ ಗೋಡೆಯ ಮೇಲೆ ನಮ್ಮೂರ ಗಂಡಸರ ಕೈಗಳೆಲ್ಲ ತೂಗುತ್ತಿದ್ದವು. ಹೆದರಬೇಡಿ, ನಿಜವಾದ ಕೈಗಳಲ್ಲ, ಕೋಲುಗಳು. ಒಂದೊಂದು ಮನೆಯ ಯಜಮಾನನಿಗೆ ಮೊಣಕೈಯಿಂದ ನಡುಬೆರಳ ತುದಿಯವರೆಗೆ ಎಷ್ಟು ಉದ್ದವೋ ಅಷ್ಟೇ ಉದ್ದದ ಒಂದೊಂದು ಕೋಲು. ಆದರೆ ಆಚಾರ್ರು ಅವನ್ನು ಕೋಲು ಅಂತ ಒಂದು ದಿನವೂ ಕರೆದವರಲ್ಲ. "ಆ ಮೂಲೇಲಿರೋದು ಪಟೇಲ್ರ ಕೈ, ಮುಟ್ಬೇಡಿ. ಇದು ಅಂಗಡಿ ಶೆಟ್ರ ಕೈ, ಒಸಿ ಗಿಡ್ಡ. ಅದು ಪೂಜಾರಪ್ಪಂದು, ಪಾಪ, ಅವರು ತೀರ್ಕೊಂಡು ಆರು ವರ್ಷ ಆಯ್ತು" ಅನ್ನುವರು. ತೀರಿಕೊಂಡವರ ಕೈ ಯಾಕೆ ಇಟ್ಟಿದ್ದೀರಿ ಅಂತ ಕೇಳಿದರೆ ನಮ್ಮನ್ನೇ ಪೆದ್ದರನ್ನು ನೋಡುವ ಹಾಗೆ ನೋಡುವರು. "ಮನ್ಷ ಹೋಗ್ತಾನೆ, ಬಾಗ್ಲು ಇರ್ತದಲ್ಲ? ನಾಳೆ ಬಾಗ್ಲು ರಿಪೇರಿಗೆ ಬಂದ್ರೆ ಯಾರ ಕೈ ಕೇಳ್ಲಿ?"

ಮೊನ್ನೆ ಸೋಮವಾರ ನನಗೆ ಮೊಮ್ಮಗಳು ಹುಟ್ಟಿದಳು. ಏಳು ಗಂಡು ಮೊಮ್ಮಕ್ಕಳಾದ ಮೇಲೆ ಒಂದು ಹೆಣ್ಣು! ಅವತ್ತಿನಿಂದ ನನ್ನ ಬಾಯಿಗೆ ಬಿಡುವಿಲ್ಲ. ಮಗುವನ್ನು ಮನೆಗೆ ಕರೆತಂದಾಗ ಬಾಗಿಲಲ್ಲಿ ಆರತಿ ಎತ್ತಿದೆ ನೋಡಿ, ಆಚಾರ್ರು ನೆನಪಾಗಿ ನಗು ಬಂತು, ಅಳುವೂ ಬಂತು, ಆರತಿ ತಟ್ಟೆಯ ಕೆಂಪು ನೀರೆಲ್ಲ ನನ್ನ ಸೀರೆಗೇ ಚೆಲ್ಲಿತು. ಬಂದವರಿಗೆಲ್ಲ ಈ ಕಥೆ ಹೇಳಿ ಹೇಳಿ, ಕೇಳಿದವರೂ ದಣಿದರು. "ಅಮ್ಮ, ಬರೆದಿಡು, ಓದ್ಕೋತೀವಿ" ಅಂತ ಮಗ ನೋಟ್‌ಬುಕ್ಕು ತಂದುಕೊಟ್ಟ. ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವಳು ನಾನು. ಆದರೂ ಬರೆಯುತ್ತೇನೆ.

ಈಗಿನವರಿಗೆ ಮೊಳ ಅಂದರೆ ಹೂವು ಮಾತ್ರ. ದೊಡ್ಡಬಳ್ಳಾಪುರದ ಸಂತೆಯಲ್ಲಿ ಉದ್ದ ಕೈಯ ಹೂವಿನವಳನ್ನು ಹುಡುಕಿಕೊಂಡು ಹೋಗಿ ಮಲ್ಲಿಗೆ ಕೊಳ್ಳುತ್ತೇವಲ್ಲ, ಅದೇ ಮೊಳ. ಅದೇ ತಾಲ್ಲೂಕಿನ ಮಧುರೆಯ ಹತ್ತಿರದ ನಮ್ಮೂರಿನಲ್ಲಿ ಆಗ ಮನೆಯನ್ನೂ ಹಾಗೇ ಕಟ್ಟುತ್ತಿದ್ದರು. ಮನೆ ಯಾರದೋ ಅಳತೆಯ ಕೈಯೂ ಅವರದೇ. ಮುಂಬಾಗಿಲು ಅಂದರೆ ಯಜಮಾನನ ಕೈಯಲ್ಲಿ ನಾಲ್ಕೂವರೆ ಮೊಳ ಎತ್ತರ. ಉದ್ದ ಕೈಯವನ ಮನೆಗೆ ಎತ್ತರದ ಬಾಗಿಲು, ಗಿಡ್ಡ ಕೈಯವನ ಮನೆಗೆ ನೆಂಟರು ತಲೆ ತಗ್ಗಿಸಿಕೊಂಡು ಬರಬೇಕು. ಭೂಮಿಪೂಜೆಯ ದಿನ ಬೆಳಿಗ್ಗೆ ಯಜಮಾನ ತಲೆಗೆ ನೀರು ಹಾಕಿಕೊಂಡು ಬರಿ ಹೊಟ್ಟೆಯಲ್ಲಿ ಬಂದು ಆಚಾರ್ರ ಮುಂದೆ ಬಲಗೈ ಚಾಚಬೇಕು. ಆ ಒಂದು ಸಲ ತೆಗೆದ ಅಳತೆಯೇ ಕೊನೆ. ಆಮೇಲೆ ಅವನು ದಪ್ಪಗಾಗಲಿ, ಮುದುಕನಾಗಲಿ, ಕೋಲು ಮಾತ್ರ ಸತ್ಯ. "ಕೈ ದಿನಾ ಬದಲಾಗ್ತದೆ. ಉಂಡ್ಮೇಲಂತೂ ಕೇಳ್ಲೇಬೇಡಿ, ಸೋಮಾರಿ ಆಗಿ ಬಿದ್ದಿರ್ತದೆ" ಅನ್ನುವರು.

ಆಚಾರ್ರು ನೋಡಲು ಹಳದಿ. ಹುಟ್ಟಾ ಕಪ್ಪಗಿದ್ದವರೇ, ಆದರೆ ಹಲಸಿನ ಮರ ಕೊಯ್ದು ಕೊಯ್ದು ಹಳದಿಯಾಗಿದ್ದರು. ದಿಮ್ಮಿಯನ್ನು ಅಟ್ಟಣೆಯ ಮೇಲೆ ಏರಿಸಿ, ಒಬ್ಬ ಮೇಲೆ ನಿಂತು ಒಬ್ಬ ಕೆಳಗೆ ನಿಂತು ದೊಡ್ಡ ಗರಗಸ ಎಳೆಯಬೇಕು. ಕೆಳಗಿರುವವನ ತಲೆಯ ಮೇಲೆ ಹೊಟ್ಟು ಮಳೆಯ ಹಾಗೆ ಸುರಿಯುತ್ತದೆ. ಬೇರೆ ಆಚಾರಿಗಳು ಕೆಳಗೆ ಕೂಲಿಯವನನ್ನು ನಿಲ್ಲಿಸುತ್ತಿದ್ದರು. ಇವರು ತಾವೇ ನಿಲ್ಲುವರು. ಸಂಜೆ ಹೊತ್ತು ಹುಬ್ಬು, ಮೀಸೆ, ಎದೆಯ ಕೂದಲು ಎಲ್ಲ ಅರಿಸಿನ ಬಳಿದುಕೊಂಡ ಮದುವಣಿಗನ ಹಾಗೆ ಬರುವರು. ಹೆಂಡತಿ ಪಾಪಮ್ಮ ಬಾಗಿಲಲ್ಲೇ ನಿಂತು, "ಇವತ್ತು ಯಾರ್ನ ಮದ್ವೆ ಆಗಿ ಬಂದ್ರಿ?" ಅಂತ ಕೇಳುವಳು.

ಮರ ಕಡಿಯುವುದಕ್ಕೂ ಅವರದೇ ಕಟ್ಟಳೆ. ಅಮಾವಾಸ್ಯೆ ಹತ್ತಿರ ಬಂದಾಗಲೇ ಕಡಿಯಬೇಕು, ಇಲ್ಲದಿದ್ದರೆ ಹುಳು ಹಿಡಿಯುತ್ತದೆ. ಹಿಂದಿನ ದಿನ ಹೋಗಿ ಮರಕ್ಕೆ ಕೈಮುಗಿದು, "ನಾಳೆ ಬರ್ತೀನಿ, ಮೇಲಿರೋರು ಒಳಗಿರೋರು ಎಲ್ಲಾ ಜಾಗ ಖಾಲಿ ಮಾಡಿ" ಅಂತ ಗಟ್ಟಿಯಾಗಿ ಕೂಗಿ ಬರಬೇಕು. ಪಟೇಲರ ಹಲಸಿನ ಮರದಲ್ಲಿ ಒಂದು ಕಾಗೆ ಮೊಟ್ಟೆ ಇಟ್ಟಿತ್ತು. ಆಚಾರ್ರು ಮೂರು ಸಲ ಹೋಗಿ ಕೂಗಿದರು. ಕಾಗೆ ಕುಕ್ಕಿತೇ ಹೊರತು ಕದಲಲಿಲ್ಲ. "ಅದು ವಾಯ್ದೆ ಕೇಳ್ತಾ ಇದೆ" ಅಂತ ವಾಪಸು ಬಂದರು. ಮರಿಗೆ ರೆಕ್ಕೆ ಬಲಿಯುವವರೆಗೆ ಪಟೇಲರ ದನದ ಕೊಟ್ಟಿಗೆಗೆ ಬಾಗಿಲೇ ಇಲ್ಲದೆ, ಪಟೇಲರು ದೊಣ್ಣೆ ಹಿಡಿದು ತಾವೇ ಬಾಗಿಲಾಗಿ ಕೂತಿದ್ದರು.

ಕೂದಲೆಳೆಯಷ್ಟು ತಪ್ಪನ್ನೂ ಅವರು ತಡೆದುಕೊಳ್ಳುತ್ತಿರಲಿಲ್ಲ. ಒಂದು ಸಲ ನಮ್ಮಪ್ಪನಿಗೆ ರಾಗಿ ಬಿತ್ತುವ ಕೂರಿಗೆ ಮಾಡಿ ತಂದರು. ಹೊಲದ ಬದುವಿನಲ್ಲಿ ಇಟ್ಟು ಒಂದು ಕಣ್ಣು ಮುಚ್ಚಿ ನೋಡಿದರು. ಒಂದು ತೂತು ಕೂದಲಷ್ಟು ಪಕ್ಕಕ್ಕೆ ಹೋಗಿತ್ತಂತೆ. ಅಲ್ಲೇ ಮರ ಕೆತ್ತುವ ಬಾಚಿಯನ್ನು ತೆಗೆದು ಕೂರಿಗೆಯನ್ನು ಸೀಳತೊಡಗಿದರು. ಮೋಡ ಕಟ್ಟಿದೆ, ಬಿತ್ತನೆಯ ದಿನ! ಅಪ್ಪ ಹೋಗಿ ಕೈ ಹಿಡಿದುಕೊಂಡ.

"ಕೂದ್ಲಷ್ಟು ತಾನೆ ಆಚಾರ್ರೇ? ನಡೀತದೆ ಬಿಡಿ!"

"ಅನ್ನದಲ್ಲಿ ಕೂದ್ಲು ಬಂದ್ರೆ ಉಣ್ತೀರಾ ಪಿಳ್ಳಪ್ನೋರೇ?"

ಅಪ್ಪ ಆ ವರ್ಷ ಕೈಯಲ್ಲೇ ರಾಗಿ ಚೆಲ್ಲಿದ. ಅಂಥ ಮನುಷ್ಯ ನಂಜುಂಡಾಚಾರ್ರು. ಅಂಥವರ ಕೈಯಲ್ಲಿ ನನ್ನ ಬಾಳು ಸಿಕ್ಕಿಕೊಂಡಿತು.

ನನ್ನನ್ನು ಕೊಟ್ಟದ್ದು ಸೋದರಮಾವನ ಮಗನಿಗೇ. ಮಾವ ಅಂದರೆ ನಮ್ಮಮ್ಮನ ತಮ್ಮ, ಚನ್ನರಾಯಪ್ಪ. ಅದೇ ಊರು, ಅದೇ ಬೀದಿ, ನಮ್ಮ ಮನೆಯ ಎದುರು ಸಾಲು. ಯುದ್ಧದ ಕಾಲ. ಬೆಂಗಳೂರಿನ ಮಿಲಿಟರಿ ಕ್ಯಾಂಪುಗಳಿಗೆ ತರಕಾರಿ ಹಾಕಿ ಮಾವನ ಕೈ ಸ್ವಲ್ಪ ಮೇಲಾಗಿತ್ತು. ಹಳೆಯ ಮನೆ ಕೆಡವಿ ಹೊಸದು ಕಟ್ಟಿಸುತ್ತಿದ್ದರು. ಗೋಡೆ ಎದ್ದಿತ್ತು, ಹೆಂಚು ಕೂತಿತ್ತು, ಮುಂಬಾಗಿಲು ಮಾತ್ರ ಇರಲಿಲ್ಲ. ಅವರಮ್ಮ ನೆಟ್ಟ ಹಲಸಿನ ಮರವನ್ನು ಕಡಿಸಿ, ಹಲಗೆ ಕೊಯ್ದು, ಕೆರೆಯಲ್ಲಿ ಆರು ತಿಂಗಳು ಮುಳುಗಿಸಿ, ತೆಗೆದು ನೆರಳಲ್ಲಿ ಆರಹಾಕಿದ್ದರು ಆಚಾರ್ರು. ಅಷ್ಟರಲ್ಲಿ ಮದುವೆಯ ಮುಹೂರ್ತ ಬಂದುಬಿಟ್ಟಿತು.

ತಾಳಿ ಕಟ್ಟಿ ಆಯಿತು. ಊಟಕ್ಕೆ ಕೂತಾಗ ಅಪ್ಪ ತಮಾಷೆಗೆ ಒಂದು ಮಾತು ಅಂದ. "ಏನ್ ಬಾಮೈದ, ಬಾಗ್ಲಿಲ್ಲದ ಮನೆಗೆ ನನ್ ಮಗಳ್ನ ಹೆಂಗೆ ಕಳ್ಸಲಿ? ನಾಯಿ ನುಗ್ಗಲ್ವಾ?"

ಮಾವ ಎಲೆಯ ಮುಂದಿನಿಂದ ಎದ್ದರು. "ನಾಯಿ ಅಂದ್ಯಾ? ನನ್ ಮನೇನ? ಕೇಳ್ರಪ್ಪಾ ಎಲ್ಲಾರೂ! ನನ್ ಸೊಸೆ ನನ್ ಮನೆಗೆ ಬಂದ್ರೆ ಹೊಸ ಬಾಗ್ಲಲ್ಲೇ ಬರೋದು. ಅಲ್ಲಿಗಂಟ ಇವನ ಮನೇಲೇ ಬಿದ್ದಿರ್ಲಿ. ಇನ್ಮೇಲೆ ಈ ಪಿಳ್ಳಪ್ಪನ ನೆರಳೂ ನನ್ ಬಾಗ್ಲ ಮೇಲೆ ಬೀಳ್ಕೂಡ್ದು!"

ಹೀಗಾಗಿ ಮದುವೆಯಾದ ಸಂಜೆ ನಾನು ಬಾಸಿಂಗ ಬಿಚ್ಚಿಟ್ಟು ಅಮ್ಮನ ಪಕ್ಕದಲ್ಲೇ ಮಲಗಿದೆ. ಹದಿನಾರು ವರ್ಷ ನನಗೆ. ಎದುರು ಮನೆಯಲ್ಲಿ ಗಂಡ. ನಡುವೆ ಒಂದು ಬೀದಿ, ಎರಡು ಎಮ್ಮೆ, ಒಂದು ಒದ್ದೆ ಮರ.

ದಿನಾ ಮಜ್ಜಿಗೆ ಕೊಡುವ ನೆಪದಲ್ಲಿ ಆಚಾರ್ರ ಕೊಟ್ಟಿಗೆಗೆ ಹೋಗುವೆ. "ಮರ ಆರ್ತಾ ಆಚಾರ್ರೇ?"

ಅವರು ಹಲಗೆಗೆ ಕಿವಿ ಇಟ್ಟು, ಬೆರಳ ಗೆಣ್ಣಿನಿಂದ ತಟ್ಟಿ, "ಇನ್ನೂ ಅಳ್ತಾ ಇದೆ ಅಮ್ಮಣ್ಣಿ" ಅನ್ನುವರು.

"ನಾನೂ ಅಳ್ತಾ ಇದೀನಿ."

"ನೀನು ಬೇಗ ಆರ್ತೀಯ. ಇದು ಹಲಸು."

ನಮ್ಮ ಯಜಮಾನರಿಗೂ ತಡೆಯಲಿಲ್ಲ ಅಂತ ಕಾಣುತ್ತದೆ. ಒಂದು ದಿನ ತರಕಾರಿ ಗಾಡಿಯ ಜೊತೆ ಬೆಂಗಳೂರಿಗೆ ಹೋದವರು ಒಂದು ಟೇಪು ತಂದರು. ದುಂಡನೆಯ ಚರ್ಮದ ಡಬ್ಬಿ, ಎಳೆದರೆ ಉದ್ದಕ್ಕೂ ಗೆರೆ ಹಾಕಿದ ಪಟ್ಟಿ ಬರುತ್ತದೆ. ಕೆಲಸ ಬೇಗ ಆಗಲಿ ಅಂತ ಅದನ್ನು ಆಚಾರ್ರ ಕೈಗೆ ಕೊಟ್ಟರು. ಆಚಾರ್ರು ಹಾವಿನ ಬಾಲ ಹಿಡಿದ ಹಾಗೆ ಎರಡೇ ಬೆರಳಲ್ಲಿ ಹಿಡಿದುಕೊಂಡರು.

"ಇದು ಯಾರ ಕೈ?"

"ಯಾರ ಕೈಯೂ ಅಲ್ಲ ಆಚಾರ್ರೇ. ಎಲ್ರಿಗೂ ಒಂದೇ."

"ಯಾರ ಕೈಯೂ ಅಲ್ಲ ಅಂದ್ರೆ ಆ ಬಾಗ್ಲು ಇಟ್ಟ ಮನೇಲಿ ಯಾರಪ್ಪ ಇರ್ತಾರೆ?"

"ಸರ್ಕಾರ್ದೋರು ಒಪ್ಪಿರೋ ಅಳತೆ ಇದು."

"ಹಂಗಾರೆ ಸರ್ಕಾರಾನೇ ಬಂದು ಇರ್ಲಿ" ಅಂತ ಡಬ್ಬಿ ವಾಪಸು ಕೊಟ್ಟರು.

ಹಲಸು ಅಳುವುದು ನಿಲ್ಲಿಸುವಷ್ಟರಲ್ಲಿ ಆಯುಧಪೂಜೆ ಬಂತು. ಎಡವಟ್ಟಾದದ್ದು ಅವತ್ತೇ. ಇದನ್ನು ಪಾಪಮ್ಮನೇ ಆಮೇಲೆ ನನಗೆ ಹೇಳಿದ್ದು. ಉಳಿ, ಬಾಚಿ, ಗರಗಸ, ಕೊಡತಿ ಎಲ್ಲ ತೊಳೆದು ಕುಂಕುಮ ಇಟ್ಟಳಂತೆ. ಗೋಡೆಯ ಮೇಲಿದ್ದ ಕೈಗಳು ಮಾತ್ರ ಯಾಕೆ ಕೊಳಕಾಗಿರಬೇಕು ಅಂತ ಅವನ್ನೂ ಇಳಿಸಿದಳು. ಆಚಾರ್ರಿಗೆ ಓದು ಬರಹ ಇಲ್ಲ. ಯಾರ ಕೈ ಯಾವುದು ಅಂತ ಗೊತ್ತಾಗಲು ಒಂದೊಂದಕ್ಕೂ ಒಂದೊಂದು ಗುರುತು ಕಟ್ಟಿದ್ದರು: ಶೆಟ್ಟರ ಕೈಗೆ ಗೋಣಿದಾರ, ಪಟೇಲರ ಕೈಗೆ ಜರಿಯ ಚೂರು, ಮಾವನ ಕೈಗೆ ಹೋರಿ ಬಾಲದ ಕೂದಲು, ನಮ್ಮಪ್ಪನ ಕೈಗೆ ಕೆಂಪು ನೂಲು. ಪಾಪಮ್ಮ ಅವನ್ನೆಲ್ಲ ಕಿತ್ತು ಒಲೆಗೆ ಹಾಕಿ, ಸೀಗೆಪುಡಿ ಹಚ್ಚಿ ಉಜ್ಜಿ, ಗಂಡ ಬಂದಾಗ ಹೆಮ್ಮೆಯಿಂದ ತೋರಿಸಿದಳು.

"ನೋಡಿ, ಊರಿಗೆಲ್ಲ ಎಣ್ಣೆನೀರು ಹಾಕ್ಬಿಟ್ಟೆ! ಮಕ್ಕಳ ಹಂಗೆ ಎತ್ತರದ ಪ್ರಕಾರ ಸಾಲಾಗಿ ನಿಲ್ಸಿದೀನಿ."

ಆಚಾರ್ರು ಹಬ್ಬದೂಟ ಮಾಡಲಿಲ್ಲವಂತೆ. ಸಾಲಾಗಿ ನಿಂತ ಊರಿನ ಮುಂದೆ ಕೂತುಬಿಟ್ಟರಂತೆ.

ಮಾರನೆಯ ದಿನದಿಂದ ಅವರಿಗೆ ಊರ ಮೇಲೆ ಇದ್ದಕ್ಕಿದ್ದಂತೆ ಪ್ರೀತಿ ಉಕ್ಕಿತು. ಗುರುತು ಕಳೆದುಹೋಯಿತು ಅಂತ ಬಾಯಿ ಬಿಟ್ಟು ಹೇಳುವ ಜೀವವಲ್ಲ. ಸಿಕ್ಕಸಿಕ್ಕವರ ಬಲಗೈ ಹಿಡಿದುಕೊಂಡು, ಸೊಂಟದ ದಾರವನ್ನು ಮೆಲ್ಲಗೆ ತೋಳಿನ ಉದ್ದಕ್ಕೂ ಎಳೆದು, "ಚೆನ್ನಾಗಿದೀರಾ? ಮೈ ಬಿಸಿ ಇಲ್ಲ ತಾನೆ?" ಅಂತ ಕೇಳುವರು. ಪಟೇಲರ ನಾಡಿ ನೋಡಿದರು. ಶೆಟ್ಟರು ಉಪ್ಪು ತೂಗುವಾಗ ತಕ್ಕಡಿ ಹಿಡಿದ ಕೈಯನ್ನೇ ಹಿಡಿದುಕೊಂಡರು. ಶೆಟ್ಟರು, "ಸಾಲ ಇಲ್ಲ ಆಚಾರ್ರೇ" ಅಂದರು, ಇವರು, "ಬೇಡ, ಹಿಂಗೇ ಒಂದ್ಗಳಿಗೆ ಇರಿ" ಅಂದರು. ಶೆಟ್ಟರು ಆ ದಿನ ಹೆದರಿ ಅಂಗಡಿ ಬೇಗ ಮುಚ್ಚಿದರು. ಪೂಜಾರಪ್ಪನ ಮಗನನ್ನು ಗುಡಿಯ ಮೆಟ್ಟಿಲಲ್ಲಿ ತಬ್ಬಿಕೊಂಡು, "ಥೇಟ್ ನಿಮ್ಮಪ್ಪನ ಕೈ!" ಅಂತ ಕಣ್ಣೀರು ಹಾಕಿದರು. ಆ ಒಂದು ಕೈಯಿಂದ ಅಪ್ಪನದು, ಮಗನದು, ಎರಡು ಕೋಲು ಪತ್ತೆಯಾಯಿತು. ಬಾವಿ ಕಟ್ಟೆಯಲ್ಲಿ ಹೆಂಗಸರು, "ಆಚಾರ್ರಿಗೆ ಸಾಯೋ ಕಾಲ ಬಂದಿದೆ, ಅದ್ಕೇ ಎಲ್ರನ್ನೂ ಮುಟ್ಟಿ ಮುಟ್ಟಿ ನೋಡ್ತವ್ರೆ" ಅಂತ ಮಾತಾಡಿಕೊಂಡರು.

ಹೀಗೆ ಒಂದೊಂದೇ ಕೈ ಗುರುತು ಹತ್ತಿ, ಕೊನೆಗೆ ಎರಡೇ ಕೋಲು ಉಳಿದವು. ಒಂದಕ್ಕಿಂತ ಇನ್ನೊಂದು ಒಂದು ಬೆರಳಷ್ಟು ಉದ್ದ. ಒಂದು ನಮ್ಮಪ್ಪನದು, ಒಂದು ಮಾವನದು. ಇಬ್ಬರಲ್ಲಿ ಒಬ್ಬರ ಕೈ ಅಳೆದರೆ ಸಾಕಿತ್ತು. ಕೂರಿಗೆ ಸೀಳಿದಾಗಿನಿಂದ ಅಪ್ಪ ಹತ್ತಿರ ಬಿಟ್ಟುಕೊಳ್ಳುತ್ತಿರಲಿಲ್ಲ, ಮಾವನ ಕೈಯೇ ಗತಿ. ಆದರೆ ಮಾವ ಆಚಾರ್ರನ್ನು ಕಂಡರೆ ಸಾಕು, "ಬಾಗ್ಲೆಲ್ಲಿ? ಬಾಗ್ಲೆಲ್ಲಿ?" ಅಂತ ಎರಡು ಕೈಯನ್ನೂ ಗಾಳಿಯಲ್ಲಿ ಬೀಸುತ್ತಿದ್ದರು. ಬೀಸುವ ಕೈಗೆ ದಾರ ಹಿಡಿಯುವುದು ಹೇಗೆ?

ಮಧ್ಯಾಹ್ನ ಉಂಡ ಮೇಲೆ ಅಪ್ಪನೂ ಮಾವನೂ ಅರಳಿಕಟ್ಟೆಯಲ್ಲಿ ಮಲಗುವುದು ಮೊದಲಿಂದ ಬಂದ ರೂಢಿ. ಜಗಳವಾದ ಮೇಲೂ ಇಬ್ಬರೂ ಜಾಗ ಬಿಟ್ಟುಕೊಡಲಿಲ್ಲ. ಮಾವ ಗುಡಿಯ ಕಡೆ, ಅಪ್ಪ ಕೆರೆಯ ಕಡೆ, ನಡುವೆ ಮರ, ಒಬ್ಬರಿಗೊಬ್ಬರು ಬೆನ್ನು. ಇಬ್ಬರೂ ಮುಖದ ತುಂಬ ಟವಲು ಎಳೆದುಕೊಂಡು ಗೊರಕೆ ಹೊಡೆಯುವರು. ಆ ಟವಲುಗಳೋ ಮದುವೆಯಲ್ಲಿ ಬೀಗರು ಬೀಗರು ಒಬ್ಬರಿಗೊಬ್ಬರು ಹೊದಿಸಿದವು, ದೊಡ್ಡಬಳ್ಳಾಪುರದ ಮಗ್ಗದಲ್ಲಿ ನೇಯ್ದ ಒಂದೇ ಥಾನಿನವು. ಪಂಚೆಯೂ ಹಾಗೇ. ಒಂದು ದಿನ ಬಿಸಿಲು ಗುಡಿಯ ಕಡೆಗೆ ತಿರುಗಿತ್ತು. ಮಾವ ಮೊದಲೇ ಬಂದು ಕೆರೆಯ ಕಡೆ ನೆರಳು ಹಿಡಿದುಬಿಟ್ಟಿದ್ದರು. ಅಪ್ಪ ಬೈದುಕೊಂಡು ಗುಡಿಯ ಕಡೆ ಮಲಗಿದ. ನಾನು ಬಾವಿಯಿಂದ ಬರುತ್ತಿದ್ದೆ. ಆಚಾರ್ರು ತುದಿಗಾಲಲ್ಲಿ ಬಂದು, ಗುಡಿಯ ಕಡೆ ಮಲಗಿದ್ದ ನಮ್ಮಪ್ಪನ ಕೈಯನ್ನು ಹಸುಗೂಸಿನ ಹಾಗೆ ಎತ್ತಿ, ದಾರ ಎಳೆದು, ಗಂಟು ಹಾಕಿಕೊಂಡು ಓಡಿದ್ದನ್ನು ಕಣ್ಣಾರೆ ಕಂಡೆ. ನಕ್ಕೆ. ಬಿಂದಿಗೆ ತುಳುಕಿತು. ಅದು ಯಾಕೆ ಏನು ಅಂತ ನನಗೇನು ಗೊತ್ತು?

ಸಂಕ್ರಾಂತಿ ಕಳೆದು ಬಾಗಿಲು ನಿಲ್ಲಿಸುವ ದಿನ ಗೊತ್ತಾಯಿತು. ಚೌಕಟ್ಟು ಅಂದರೆ ಅದು ಚೌಕಟ್ಟು! ಒಂದು ಮೊಳೆ ಇಲ್ಲ. ಒಂದು ಮರದ ಮೂತಿ ಇನ್ನೊಂದು ಮರದ ತೂತಿನಲ್ಲಿ ಕೂತು, ಬಿದಿರಿನ ಗೂಟ ಬಡಿದರೆ ಮುಗಿಯಿತು, ಸಂದಿಯಲ್ಲಿ ಇರುವೆಯೂ ಹೋಗದು. ಮೇಲಿನ ತೊಲೆಯಲ್ಲಿ ಗಿಳಿ, ಹಲಸಿನ ಎಲೆ, ನಡುವೆ ಲಕ್ಷ್ಮಿ. ಮನೆಯ ಮುಂದೆ ಅದನ್ನು ಅಂಗಾತ ಮಲಗಿಸಿ, ಅರಿಸಿನ ಕುಂಕುಮ ಹಚ್ಚಿ, ಮಾವಿನ ಎಲೆ ಕಟ್ಟಿದ್ದರು. ಊರೆಲ್ಲ ಸೇರಿತ್ತು. ಅಪ್ಪ ಎದುರಿನ ನಮ್ಮ ಜಗಲಿಯಲ್ಲಿ, ತನ್ನ ನೆರಳು ಬೀದಿ ದಾಟದ ಹಾಗೆ ನೋಡಿಕೊಂಡು ಕೂತಿದ್ದ. ನಾನು ನಮ್ಮ ಬಾಗಿಲ ಸಂದಿಯಲ್ಲಿ. ಒಂಬತ್ತು ತಿಂಗಳು ಕಾದಿದ್ದೆ. ಬಾಗಿಲು ನಿಂತ ಹತ್ತನೇ ದಿನಕ್ಕೆ ನನ್ನನ್ನು ಮನೆ ತುಂಬಿಸಿಕೊಳ್ಳುವುದು ಅಂತ ಮಾತಾಗಿತ್ತು.

ಮಾವನಿಗೆ ಅಪ್ಪನನ್ನು ಉರಿಸುವ ಆಸೆ. "ಇದು ನನ್ ಬಾಗ್ಲು, ನನ್ ಕೈ ಬಾಗ್ಲು! ನೋಡ್ಕೊಳ್ಳಿ ಎಲ್ಲಾರೂ!" ಅಂತ ಅಂಗಿಯ ತೋಳು ಮಡಿಸಿ, ಮಲಗಿಸಿದ್ದ ಚೌಕಟ್ಟಿನ ಮೇಲೆ ಮೊಣಕೈ ಊರಿ ಅಳೆಯತೊಡಗಿದರು. ಒಂದು. ಎರಡು. ಮೂರು. ನಾಲ್ಕು. ಉಳಿದದ್ದು ಅರ್ಧ ಮೊಳ ಇರಬೇಕು ತಾನೆ? ಇರಲಿಲ್ಲ. ನಾಲ್ಕು ಬೆರಳಿಗೂ ಮೇಲೆ ಕಡಿಮೆ ಬಂತು. ಇನ್ನೊಂದು ಸಲ ಅಳೆದರು. ಬಾಗಿಲು ಗಿಡ್ಡವೇ.

ಆಚಾರ್ರ ಮುಖದ ಹಳದಿ ಕೂಡ ಬಿಳಿಚಿತು. ಕೊಟ್ಟಿಗೆಗೆ ಓಡಿ ಎರಡೂ ಕೋಲು ತಂದರು. ಒಂದನ್ನು ಮಾವನ ತೋಳಿಗೆ ಹಿಡಿದರು. ಇನ್ನೊಂದನ್ನು ಚೌಕಟ್ಟಿಗೆ ಹಿಡಿದರು. ಆಮೇಲೆ ಎರಡನ್ನೂ ನೆಲದ ಮೇಲಿಟ್ಟು, ಆಯುಧಪೂಜೆಯಿಂದ ಅರಳಿಕಟ್ಟೆಯವರೆಗೆ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಒಪ್ಪಿಕೊಂಡರು. "ಕೋಲಲ್ಲಿ ತಪ್ಪಿಲ್ಲ ಗೌಡ್ರೇ. ಬಾಗ್ಲಲ್ಲೂ ತಪ್ಪಿಲ್ಲ. ಆದ್ರೆ ಇದು ನಿಮ್ ಕೈ ಅಲ್ಲ, ನಿಮ್ ಭಾವನೋರ ಕೈ."

ಎದುರು ಜಗಲಿಯಲ್ಲಿ ಅಪ್ಪ ಹೊಟ್ಟೆ ಹಿಡಿದುಕೊಂಡು ಬಿದ್ದು ಬಿದ್ದು ನಕ್ಕ. "ಅಯ್ಯೋ ಬಾಮೈದ! ನೆರಳು ಬೀಳ್ಕೂಡ್ದು ಅಂದೆ, ಕೈಗೆ ಕೈಯೇ ಬಂದು ನಿಂತ್ಕೊಂಡಿತಲ್ಲೋ!"

"ಕೊಡ್ಲಿ ತನ್ನಿ" ಅಂದರು ಮಾವ. "ಸೌದೆ ಮಾಡಿ ನೀರು ಕಾಯಿಸ್ತೀನಿ. ಬೇರೆ ಮರ ನೋಡಿ ಆಚಾರ್ರೇ. ಎಷ್ಟು ದಿನ ಬೇಕು?"

"ಮರ ನೋಡಿ, ಅಮಾವಾಸ್ಯೆ ನೋಡಿ ಕಡೀಬೇಕು. ಕೆರೇಲಿ ಆರು ತಿಂಗ್ಳು. ನೆರಳಲ್ಲಿ ಒಂದು ವರ್ಷ."

ಒಂದೂವರೆ ವರ್ಷ! ಸಂದಿಯಲ್ಲಿದ್ದ ನಾನು ಬಾಗಿಲು ಪೂರ್ತಿ ತೆರೆದೆ. ಹಿರಿಯರೆಲ್ಲ ಸೇರಿ ಸಲಹೆ ಕೊಡತೊಡಗಿದರು. ಪಟೇಲರು, "ಚನ್ನರಾಯಪ್ಪ ಒಸಿ ದಿನ ಉಪವಾಸ ಮಾಡ್ಲಿ, ಕೈ ಚಿಕ್ಕದಾಗ್ಬೋದು" ಅಂದರು. ಶೆಟ್ಟರು, "ಪಿಳ್ಳಪ್ಪನೇ ಒಂದ್ಗಂಟೆ ಹೊತ್ತು ಈ ಮನೆಗೆ ಯಜಮಾನ ಆಗ್ಲಿ, ಬಾಗ್ಲು ನಿಲ್ಲಿಸಿ ಹೋಗ್ಲಿ" ಅಂದರು. ಅಪ್ಪ, "ಒಂದ್ಗಂಟೆ ಯಾಕೆ, ಒಂದ್ವಾರ ಇರ್ತೀನಿ" ಅಂದ. ಮಾವ ಕೊಡಲಿಗಾಗಿ ಮತ್ತೆ ಕೂಗಿದರು. ನಮ್ಮ ಯಜಮಾನರು ಟೇಪು ಹಿಡಿದು ಬಂದು, "ಆರಡಿ ಒಂಬತ್ತು ಇಂಚು, ಯಾರ ಕೈಯೂ ಅಲ್ಲ" ಅಂದರು. ಯಾರೂ ಕೇಳಲಿಲ್ಲ. ಕೊಡಲಿ ಬಂದೇಬಿಟ್ಟಿತು.

ನಾನು ಬೀದಿ ದಾಟಿ ಓಡಿದೆ. ತಲೆಯ ಮೇಲೆ ಸೆರಗಿಲ್ಲ, ಅಷ್ಟು ಗಂಡಸರು! ಹೋಗಿ ಚೌಕಟ್ಟಿನ ಮೇಲೆ ಕೂತುಬಿಟ್ಟೆ. ಬರೀ ಬಿಕ್ಕಳಿಕೆ. ಆಚಾರ್ರು ನನ್ನನ್ನೇ ನೋಡಿದರು. ಅವರು ಹಲಗೆಯನ್ನು ನೋಡುವ ಹಾಗೆ, ಒಂದು ಕಣ್ಣು ಮುಚ್ಚಿ.

"ಗೌಡ್ರೇ, ಈ ಬಾಗ್ಲಲ್ಲಿ ಮೊದ್ಲು ಬಲಗಾಲಿಟ್ಟು ಬರೋರು ಯಾರು?"

"ಸೊಸೆ ಅಲ್ವಾ, ಇನ್ಯಾರು."

"ಹಂಗಾರೆ ಸೊಸೆ ಕೈಯಲ್ಲೇ ಅಳೆಯೋಣ. ಹೆಣ್ ಕೈ ಚಿಕ್ದು, ನಾಲ್ಕೂವರೆ ಬದ್ಲು ಐದು ಮೊಳ ತುಂಬಿದ್ರೆ ಬಾಗ್ಲು ಆಯಮ್ಮಂದು. ನಿಮ್ದೂ ಅಲ್ಲ, ನಿಮ್ ಭಾವಂದೂ ಅಲ್ಲ."

"ಹೆಣ್ಣೈಕಳ ಕೈಯಲ್ಲಿ ಬಾಗ್ಲು ಅಳೆದಿದ್ದು ಎಲ್ಲಾದ್ರೂ ಉಂಟಾ ಆಚಾರ್ರೇ?" ಅಂದರು ಪಟೇಲರು.

"ದಿನಾ ಬೆಳಿಗ್ಗೆ ಎದ್ದು ಹೊಸ್ತಿಲು ತೊಳೆದು ರಂಗೋಲಿ ಹಾಕೋ ಕೈ ಯಾವ್ದು ಸ್ವಾಮಿ? ನಿಮ್ದಾ?"

ಪಟೇಲರು ತಮ್ಮ ಕೈ ನೋಡಿಕೊಂಡರು. ಮಾವ ಕೊಡಲಿ ಇಳಿಸಿದರು. ಒಪ್ಪಿದ್ದಕ್ಕಲ್ಲ, ಐದು ಮೊಳ ತುಂಬುವುದಿಲ್ಲ ಅಂತ ಅವರ ನಂಬಿಕೆ.

ನಾನು ಮಂಡಿಯೂರಿದೆ. ಬಳೆ ಮೇಲಕ್ಕೆ ಸರಿಸಿ ಮೊಣಕೈ ಊರಿದೆ. ಆಚಾರ್ರು ನನ್ನ ಬೆರಳ ತುದಿಗೆ ಮೂಗು ತಾಗುವಷ್ಟು ಬಗ್ಗಿ ಸೀಸದ ಕಡ್ಡಿಯಲ್ಲಿ ಗೆರೆ ಎಳೆದರು. ಒಂದು. ಎರಡು. ಬೀದಿಯಲ್ಲಿ ಎಮ್ಮೆ ಕೂಡ ಮೇವು ಮೆಲ್ಲುವುದನ್ನು ನಿಲ್ಲಿಸಿತ್ತು ಅಂತ ನನ್ನ ನೆನಪು. ಮೂರು. ನಾಲ್ಕು. ಐದನೆಯದಕ್ಕೆ ಕೈ ಚಾಚುವಾಗಲೇ ನನಗೆ ಗೊತ್ತಾಯಿತು. ತುಂಬುವುದಲ್ಲ, ಹೆಚ್ಚೇ ಆಗುತ್ತದೆ. ನನ್ನ ಕೈ ಅರ್ಧ ಬೆರಳು ಉದ್ದ. ನಡುಬೆರಳು ಮರ ದಾಟಿ ಗಾಳಿಗೆ ಬರುತ್ತದೆ. ಒಂದೂವರೆ ವರ್ಷ ಆ ಅರ್ಧ ಬೆರಳಲ್ಲಿತ್ತು.

ಬೆರಳು ಮಡಿಸಿದೆ. ಹೌದು, ಈಗ ಹೇಳುತ್ತಿದ್ದೇನೆ, ಮಡಿಸಿದೆ! ತುದಿಯ ಗೆಣ್ಣನ್ನು ಒಂಚೂರು ಬಗ್ಗಿಸಿದೆ. ಊರಿಗೆ ಕಾಣದಷ್ಟು. ಆದರೆ ನನ್ನ ಬೆರಳಿಗೂ ಆಚಾರ್ರ ಕಣ್ಣಿಗೂ ನಡುವೆ ನಾಲ್ಕು ಬೆರಳ ದೂರವಿರಲಿಲ್ಲ. ನಮ್ಮಪ್ಪನ ಕೂರಿಗೆಯನ್ನು ಸೀಳಿದ ಕಣ್ಣು ಅದು. ಅವರು ನೋಡಿದರು. ಬೆರಳನ್ನು ನೋಡಿದರು, ನನ್ನ ಮುಖ ನೋಡಿದರು. ಅವರ ಹುಬ್ಬಿನಿಂದ ಒಂದು ಕಾಳು ಹಳದಿ ಹೊಟ್ಟು ಉದುರಿ ನನ್ನ ಉಗುರ ಮೇಲೆ ಬಿತ್ತು. ಆಮೇಲೆ ತಮ್ಮ ಹೆಬ್ಬೆರಳನ್ನು ನನ್ನ ಬಗ್ಗಿದ ಗೆಣ್ಣಿನ ಮೇಲೆ ಮುಚ್ಚಿಟ್ಟು, ಊರಿಗೆಲ್ಲ ಕೇಳುವ ಹಾಗೆ ಹೇಳಿದರು: "ಐದು! ಕೂದ್ಲಷ್ಟು ಹೆಚ್ಚಿಲ್ಲ, ಕೂದ್ಲಷ್ಟು ಕಮ್ಮಿ ಇಲ್ಲ!"

ಬಾಗಿಲು ನಿಂತಿತು. ಹತ್ತನೇ ದಿನ ನಾನು ಸೇರಕ್ಕಿ ಒದ್ದು ಒಳಗೆ ಬಂದೆ. ಸಂಭ್ರಮದಲ್ಲಿ ಎಷ್ಟು ಜೋರಾಗಿ ಒದ್ದೆನೆಂದರೆ ಸೇರು ಹೋಗಿ ಪೂಜಾರಪ್ಪನ ಮಗನ ಮೊಣಕಾಲಿಗೆ ಬಡಿಯಿತು. ಅಪ್ಪ ಬೀದಿಯ ಆಚೆಯೇ ನಿಂತಿದ್ದ, ನೆರಳು ಹಿಡಿದುಕೊಂಡು. ಮಾವ ಮೀಸೆ ತಿರುವಿಕೊಂಡು ಎಲ್ಲೋ ನೋಡುತ್ತಾ, "ಅಲ್ಲೇನ್ ನಿಂತಿದೀಯ ಭಾವ? ಬಾಗ್ಲು ನಿನ್ ಮಗಳ್ದು. ನಿನ್ ನೆರಳಿಗೆ ನನ್ ಅಪ್ಪಣೆ ಯಾಕೆ?" ಅಂದರು. ಇಬ್ಬರೂ ಒಂದೇ ಎಲೆಯಲ್ಲಿ ಪಾಯಸ ಉಂಡರು.

ಆಚಾರ್ರು ನನ್ನ ಕೈಗೂ ಒಂದು ಕೋಲು ಕೆತ್ತಿ ಗೋಡೆಗೆ ತೂಗುಹಾಕಿದರು. ಅಷ್ಟು ಗಂಡಸರ ಕೈಗಳ ನಡುವೆ ಒಂದು ಹೆಣ್ಣಿನ ಕೈ. ಗುರುತಿಗೆ ಒಂದು ಬಳೆ ಚೂರು ಕಟ್ಟಿದ್ದರು. ಪಾಪಮ್ಮನಿಗೆ, ಮುಟ್ಟಿದರೆ ನೋಡು ಅಂತ ತಾಕೀತು ಮಾಡಿದ್ದರಂತೆ.

ಅದೇ ಅವರು ಕೈಯಲ್ಲಿ ಅಳೆದ ಕೊನೆಯ ಮುಂಬಾಗಿಲಾಯಿತು. ಯುದ್ಧ ಮುಗಿದ ಮೇಲೆ ಬೆಂಗಳೂರಿನಲ್ಲಿ ಕೆಲಸ ಕಲಿತ ಹುಡುಗರು ಟೇಪು ಹಿಡಿದು ಬಂದರು. ಬಾಗಿಲುಗಳೆಲ್ಲ ಒಂದೇ ಎತ್ತರ ಆದವು. ಆಚಾರ್ರ ಕಣ್ಣಿಗೆ ಪೊರೆ ಬಂತು. ಪಾಪಮ್ಮ ಹೋದಳು. ಅನುಗೊಂಡನಹಳ್ಳಿ ಕಡೆ ಕೊಟ್ಟಿದ್ದ ಮಗಳು ಗಾಡಿ ಕಟ್ಟಿಸಿಕೊಂಡು ಬಂದು ಅಪ್ಪನನ್ನು ಕರೆದೊಯ್ದಳು. ಹೊರಡುವ ಮುಂಚೆ ಗಾಡಿ ನಮ್ಮ ಮನೆ ಮುಂದೆ ನಿಂತಿತು. ಮಾವ ಜಗಲಿಯಲ್ಲಿದ್ದರು.

"ಬನ್ನಿ ಆಚಾರ್ರೇ, ಒಳಕ್ ಬನ್ನಿ."

ಆಚಾರ್ರು ಹೊಸ್ತಿಲ ಹೊರಗೇ ನಿಂತರು.

"ಬನ್ನಿ ಅಂದೆನಲ್ಲ, ಕಿವೀನೂ ಹೋಯ್ತಾ?"

"ಅಪ್ಪಣೆ ನಿಮ್ದಲ್ಲ ಗೌಡ್ರೇ. ಬಾಗ್ಲ ಯಜಮಾನ್ತಿ ಎಲ್ಲಿ?"

ಮಾವ ಒಳಗೆ ಕೂಗಿದರು: "ಅಮ್ಮಯ್ಯಾ, ಬಾರಮ್ಮ ಹೊರಕ್ಕೆ! ನನ್ ಮನೆಗೆ ನಾನೇ ಕರೆಯೋ ಹಂಗಿಲ್ವಂತೆ!"

ನಾನು ಮುದ್ದೆ ತೊಳಸುತ್ತಿದ್ದೆ. ಕೈಯೆಲ್ಲ ರಾಗಿಹಿಟ್ಟು, ಕಂಕುಳಲ್ಲಿ ಮಗು. ಅಲ್ಲಿಯವರೆಗೆ ನನ್ನನ್ನು ಯಾರೂ ಯಾವುದಕ್ಕೂ ಅಪ್ಪಣೆ ಕೇಳಿದವರಿಲ್ಲ. "ಬನ್ನಿ" ಅಂದೆ. ಅವರು ಒಳಗೆ ಬಂದು ಮಜ್ಜಿಗೆ ಕುಡಿದು, ಮಗುವಿನ ತಲೆ ಸವರಿ, ಹೋದರು.

ಆವತ್ತಿನಿಂದ ಮಾವನಿಗೆ ಒಂದು ಅಭ್ಯಾಸ ಅಂಟಿಕೊಂಡಿತು. ಹೊಲದಿಂದ ಬಂದರೆ ಬಾಗಿಲ ಹೊರಗೆ ನಿಂತು ಒಂದು ಸಲ ಕೆಮ್ಮುವರು. ನಾನು ಒಳಗಿಂದ "ಬನ್ನಿ ಮಾವ" ಅನ್ನಬೇಕು. ಮೊದಮೊದಲು ತಮಾಷೆಗೆ, ಆಮೇಲೆ ತಮಾಷೆ ಎನ್ನುವುದೇ ಮರೆತುಹೋಯಿತು. ನಾನು ಹಿತ್ತಲಲ್ಲಿದ್ದರೆ ಬರುವವರೆಗೂ ಕೆಮ್ಮುತ್ತಾ ನಿಂತಿರುವರು.

ಒಂದು ದಿನ ಸಂತೆಯಿಂದ ಬಂದು ಕೆಮ್ಮಿದರು.

"ಬನ್ನಿ ಮಾವ."

ಬರಲಿಲ್ಲ. ಇನ್ನೊಂದು ಸಲ ಅಂದೆ. ಹೊರಗಿನಿಂದಲೇ ಮಾತು ಬಂತು, ಸಣ್ಣಗೆ.

"ಅನುಗೊಂಡನಹಳ್ಳಿ ಕಡೆಯೋರು ಸಿಕ್ಕಿದ್ರು ಕಣಮ್ಮ. ಆಚಾರ್ರ ಕೊನೇ ಸುದ್ದಿ ತಂದಿದೀನಿ. ಒಳಕ್ ತರ್ಲಾ?"

ಬನ್ನಿ ಅನ್ನಲು ನನಗೆ ಆಗಲಿಲ್ಲ. ಕೈ ಒರೆಸಿಕೊಂಡು, ಹೊಸ್ತಿಲು ದಾಟಿ, ನಾನೇ ಹೊರಗೆ ಹೋದೆ.